ಗಾನಯೋಗಿ ಪಂಚಾಕ್ಷರ ಗವಾಯಿಗಳು

ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯರಿಗೂ ಪಾಲಕರಿಗೂ ಒಬ್ಬ ಮಹನೀಯರ ಜೀವನವೃತ್ತಾಂತವನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಅರಿಕೆ ಮಾಡಬೇಕೆಂದಿರುವೆವು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದ ನಮ್ಮ ವಸತಿಗೃಹಕ್ಕೆ ಬಂದು ಕಲಿತು ಹೋದ ಹೆಣ್ಣುಮಕ್ಕಳು ಅನೇಕರು. ಹಿರೇಕೆರೂರ ಸೀಮೆಯವರು ಸರ್ವಜ್ಞನನ್ನು ತಮ್ಮವನೆನ್ನುವರು. ಶಿಗ್ಗಾವಿಯವರು ಶಿಶುನಾಳದ ಶರೀಫರನ್ನೂ, ಸವಣೂರಿನವರು ವಿನಾಯಕ ಕೃಷ್ಣ ಗೋಕಾಕರನ್ನೂ ಅಭಿಮಾನದಿಂದ ನೆನೆಯುವರು. ಹಾನಗಲ್ಲ ತಾಲೂಕಿನವರು ನೆನೆಯಬೇಕಾದ ಪುರುಷರಲ್ಲಿ ಪಂಚಾಕ್ಷರ ಗವಾಯಿಗಳು ಅಗ್ರಗಣ್ಯರು. ಅವರ ಹೆಸರನ್ನು ಕೇಳದವರು ವಿರಳ. ಆದರೆ ಅವರು ಮಾಡಿದ ಕೆಲಸವು ಎಂಥದೆಂಬುದನ್ನು ನಾವೇ ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಇದನ್ನು ಬರೆಯುವದಕ್ಕೆ ನಮಗೆ ಒಂದು ಸ್ವಂತ ಕಾರಣವೂ ಇರುವದು. ಅದನ್ನು ಕೊನೆಗೆ ಹೇಳುವೆವು.

ಎರಡು ವರ್ಷಗಳ ಹಿಂದೆ ಮೇಲಿನ ತರಗತಿಯ ಹುಡುಗಿಯರನ್ನು ಕರೆದುಕೊಂಡು ನಾವು ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವನ್ನು ನೋಡಲು ಹೋಗಿದ್ದೆವು. ಹೊರಡುವ ಮುಂಚಿನ ದಿನ ಹುಡುಗಿಯರನ್ನು ಕೂಡಿಸಿ ಕೆಲವು ಮಾತುಗಳನ್ನು ಹೇಳಿದೆವು. ಕಣ್ಣಿಲ್ಲದವರೊಡನೆ ಮಾತಾಡುವಾಗ ಮೊದಲು ನಮ್ಮ ಹೆಸರನ್ನು ಹೇಳತಕ್ಕದ್ದು. ಅವರ ಕಿವಿಯು ಚುರುಕಾಗಿಯೇ ಇರುವದರಿಂದ ದನಿಯನ್ನು ಏರಿಸತಕ್ಕದ್ದಲ್ಲ. ಕೇಳದೆ ಕೈಹಿಡಿದು ಎಳೆಯತಕ್ಕದ್ದಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅವರ ಮುಂದೆ ಅಯ್ಯೋ ಪಾಪವೆಂದು ನಿಟ್ಟುಸಿರು ಬಿಡತಕ್ಕದ್ದಲ್ಲ. ಹುಡುಗಿಯರು ಈ ಮಾತುಗಳನ್ನು ತಪ್ಪದೆ ನಡಿಸಿದರು. ಆಶ್ರಮದಲ್ಲಿ ಒಬ್ಬ ದೊಡ್ಡ ಹುಡುಗನು ಸಣ್ಣವನೊಬ್ಬನ ಬೆರಳುಗಳನ್ನು ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಒಂದೊಂದಾಗಿ ಇರಿಸುತ್ತ ಸ್ವರಗಳನ್ನು ಹೇಳಿಕೊಡುತ್ತಿದ್ದನು. ಇಬ್ಬರಿಗೂ ದೃಷ್ಟಿಯಿರಲಿಲ್ಲ. ಸಣ್ಣವನು ಏಳೆಂಟು ಸಾರಿ ತಪ್ಪಿದನು. ದೊಡ್ಡವನು ಏಳೆಂಟು ಸಾರಿಯೂ ಮೊದಲಿನಿಂದ ಹೇಳಿದನು. ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠ ಹೇಳುತ್ತ ಬಂದಿರುವ ನಮಗೆ ಅಂಥ ತಾಳ್ಮೆಯು ಯಾವಾಗಲೂ ಇದ್ದಿತೆಂದು ಹೇಳಲಾರೆವು. ಈ ಪದ್ಧತಿಯನ್ನು ಹಾಕಿಕೊಟ್ಟವರು ಯಾರೆಂದು ವಿಚಾರಿಸಲಾಗಿ, ಮಾತು ಪಂಚಾಕ್ಷರ ಗವಾಯಿಗಳ ಜೀವಿತಕ್ಕೆ ಬಂದಿತು.

ಅವರು ೧೮೯೨ನೆಯ ಇಸವಿಯ ಫೆಬ್ರುವರಿ ೨ನೆಯ ತಾರೀಖಿನಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ತಮ್ಮ ಗದಿಗೆಯ್ಯನೂ ಇಬ್ಬರೂ ಹುಟ್ಟಿನಿಂದಲೇ ದೃಷ್ಟಿಹೀನರು. ಒಂದು ಬಡ ಮನೆಯಲ್ಲಿ ಇಬ್ಬರು ಮಕ್ಕಳಿಗೂ ಕಣ್ಣಿಲ್ಲವೆಂದರೆ ತಾಯಿಯ ಮನಸ್ಸು ಹೇಗಾಗಿರಬಹುದೆಂಬುದನ್ನು ನಮ್ಮ ಓದುಗರಾದ ತಾಯಂದಿರೇ ಊಹಿಸಿಕೊಳ್ಳಲಿ.

ಆ ಕಾಲದಲ್ಲಿ ಇಂಥ ಮಕ್ಕಳಿಗೆ ವಿದ್ಯೆಯ ದಾರಿಯೇ ಇರಲಿಲ್ಲವೆಂದರೆ ತಪ್ಪಾಗಲಾರದು. ಪ್ಯಾರಿಸ್ ಪಟ್ಟಣದಲ್ಲಿ ಹದಿನೆಂಟನೆಯ ಶತಮಾನದ ಕೊನೆಗೇ ವ್ಯಾಲೆಂಟಿನ್ ಹಾವಿಯೆಂಬವರು ಅಂಧ ಬಾಲಕರ ಶಾಲೆಯನ್ನು ತೆರೆದಿದ್ದರು. ಅದೇ ಶಾಲೆಯಲ್ಲಿ ಕಲಿತ ಲೂಯಿ ಬ್ರೈಲರು ಆರು ಚುಕ್ಕೆಗಳ ಲಿಪಿಯನ್ನು ರಚಿಸಿ ೧೮೨೯ರಲ್ಲಿ ಪ್ರಕಟಿಸಿದ್ದರು. ನಮ್ಮ ದೇಶದಲ್ಲಿ ಮಾತ್ರ ಅಂಧರ ಮೊದಲನೆಯ ಶಾಲೆಯು ೧೮೮೭ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಿಶನರಿ ಸ್ತ್ರೀಯ ಪ್ರಯತ್ನದಿಂದ ಸ್ಥಾಪಿತವಾಯಿತು. ಕಾಡಶೆಟ್ಟಿಹಳ್ಳಿಗೆ ಅದರ ಸುದ್ದಿಯಾದರೂ ಮುಟ್ಟುವ ಸಂಭವವಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗುವು ಬೆಳೆದರೆ ಅದಕ್ಕೆ ಎರಡೇ ಜಾಗಗಳು: ಒಂದು, ಮನೆಯ ಮೂಲೆ, ಇನ್ನೊಂದು, ಭಿಕ್ಷೆಯ ಬೀದಿ.

ಆದರೆ ಈ ಅಣ್ಣತಮ್ಮಂದಿರಿಗೆ ಇಂಪಾದ ಕಂಠವಿದ್ದಿತು. ಕೇಳಿದ ಹಾಡು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಇವರ ಹಾಡಿಕೆಯು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳ ಕಿವಿಗೆ ಬಿದ್ದಿತು. ಸ್ವಾಮಿಗಳು ೧೮೬೭ರಲ್ಲಿ ಹುಟ್ಟಿದವರು. ವೀರಶೈವ ಸಮಾಜದಲ್ಲಿ ವಿದ್ಯಾಪ್ರಚಾರಕ್ಕಾಗಿ ದುಡಿದು, ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಹುಡುಗರ ಹಾಡನ್ನು ಕೇಳಿ ಒಂದು ಹೊತ್ತಿನ ಊಟವನ್ನೋ ಒಂದು ಬಟ್ಟೆಯನ್ನೋ ಕೊಟ್ಟು ಕಳಿಸಿದ್ದರೆ ಅದನ್ನೂ ಜನರು ಧರ್ಮವೆಂದೇ ಹೊಗಳುತ್ತಿದ್ದರು. ಸ್ವಾಮಿಗಳು ಹಾಗೆ ಮಾಡಲಿಲ್ಲ. ಮಕ್ಕಳಿಗೆ ಇಲ್ಲದ್ದು ಯಾವದೆಂಬುದನ್ನು ಊರೆಲ್ಲ ನೋಡುತ್ತಿರಲು, ಇರುವದು ಯಾವದೆಂಬುದನ್ನು ಅವರು ನೋಡಿದರು. ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವಿದ್ಯೆಗೆ ಹಚ್ಚಿದರು. ದೈವವಶಾತ್ ಅಣ್ಣ ಗುರುಬಸಯ್ಯನು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಜೊತೆಗೇ ಹಾಡುತ್ತ ಬೆಳೆದ ಅಣ್ಣನಿಲ್ಲದೆ ಗದಿಗೆಯ್ಯನು ಒಬ್ಬಂಟಿಗನಾಗಿ ಮುಂದಿನ ದಾರಿಯನ್ನು ನಡೆಯಬೇಕಾಯಿತು.

ಅವರ ವಿದ್ಯಾಭ್ಯಾಸವು ಸುಲಭದ್ದಾಗಿರಲಿಲ್ಲ. ಕರ್ನಾಟಕ ಸಂಗೀತವನ್ನು ಮೈಸೂರಿನಲ್ಲಿ ಕಲಿತರು. ಆ ಬಳಿಕ ಹಿಂದೂಸ್ತಾನಿ ಸಂಗೀತವನ್ನು ನೀಲಕಂಠಬುವಾ ಮಿರಜಕರರಲ್ಲಿ ಅಭ್ಯಸಿಸಿದರು. ಗ್ವಾಲಿಯರ ಘರಾಣೆಯ ಈ ನೀಲಕಂಠಬುವಾ ಅವರೇ ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದರು. ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಿಂದಲೂ ಗವಾಯಿಗಳಿಗೆ ಶಿಕ್ಷಣ ದೊರೆಯಿತು. ವೀರಶೈವ ಮಠದ ಆಶ್ರಯದಲ್ಲಿ ಬೆಳೆದ ಬಾಲಕನಿಗೆ ಮುಸಲ್ಮಾನ ಉಸ್ತಾದರು ವಿದ್ಯೆಯನ್ನು ಧಾರೆಯೆರೆದದ್ದು ನಮ್ಮ ನಾಡಿನ ಒಳ್ಳೆಯ ನಡತೆಗೆ ಒಂದು ಸಾಕ್ಷಿಯಾಗಿದೆ. ದಕ್ಷಿಣಾದಿ, ಉತ್ತರಾದಿ ಈ ಎರಡೂ ಪದ್ಧತಿಗಳಲ್ಲಿ ಸಮನಾದ ಪ್ರಭುತ್ವವನ್ನು ಪಡೆದ ಗಾಯಕರು ಆಗಲೂ ವಿರಳ, ಈಗಲೂ ವಿರಳ. ಅದಕ್ಕೆಂದೇ ಜನರು ಅವರನ್ನು ಉಭಯಗಾನವಿಶಾರದರೆಂದು ಕರೆದರು. ಗದಿಗೆಯ್ಯನೆಂಬ ಹೆಸರು ಹಿಂದೆ ಬಿದ್ದು ಪಂಚಾಕ್ಷರ ಗವಾಯಿಗಳೆಂಬ ಹೆಸರೇ ನಾಡಿನಲ್ಲಿ ನಿಂತಿತು.

ಇಷ್ಟು ವಿದ್ಯೆಯನ್ನು ಪಡೆದ ಗಾಯಕರಿಗೆ ಸಭೆಗಳಲ್ಲಿ ಹಾಡಿ ಕೀರ್ತಿಯನ್ನೂ ಹಣವನ್ನೂ ಗಳಿಸಿ ಸುಖವಾಗಿರುವದು ಕಷ್ಟವಾಗಿರಲಿಲ್ಲ. ಆದರೆ ಕುಮಾರಸ್ವಾಮಿಗಳು ಅವರಿಂದ ಬೇರೊಂದನ್ನು ಬಯಸಿದ್ದರು. ಪಡೆದ ವಿದ್ಯೆಯನ್ನು ತನ್ನಂತೆಯೇ ಕಣ್ಣಿಲ್ಲದ ಮಕ್ಕಳಿಗೂ ಅಂಗವಿಕಲರಿಗೂ ಅನಾಥರಿಗೂ ಹಂಚಬೇಕೆಂಬುದೇ ಆ ಬಯಕೆ. ಶಿಷ್ಯರು ಅದನ್ನೇ ವ್ರತವಾಗಿ ಹಿಡಿದರು, ಮದುವೆಯಾಗಲಿಲ್ಲ, ಸ್ವಂತಕ್ಕೆಂದು ಆಸ್ತಿಯನ್ನು ಕೂಡಿಡಲಿಲ್ಲ.

ಹೀಗೆ ೧೯೧೪ನೆಯ ಇಸವಿಯಲ್ಲಿ ಅವರ ಸಂಗೀತಶಾಲೆಯು ಪ್ರಾರಂಭವಾಯಿತು. ಶಾಲೆಯೆಂದೊಡನೆ ನಮ್ಮ ಕಣ್ಣ ಮುಂದೆ ಕಲ್ಲಿನ ಗೋಡೆ, ಮಂಗಳೂರು ಹಂಚು, ಗಂಟೆ, ಹಲಗೆಗಳು ಬರುವವಷ್ಟೆ. ಗವಾಯಿಗಳ ಶಾಲೆಗೆ ಇವು ಯಾವವೂ ಇರಲಿಲ್ಲ. ಅದು ಸಂಚಾರಿ ಶಾಲೆ. ಗುರುಗಳು ಎಲ್ಲಿ ಬಿಡಾರ ಮಾಡಿದರೋ ಅಲ್ಲಿಯೇ ಪಾಠ. ಒಂದು ಊರಿನಲ್ಲಿ ಕೆಲವು ದಿನವಿದ್ದು, ಸಂಗೀತವನ್ನು ಕೇಳಿದ ಜನರು ಕೊಟ್ಟ ಕಾಳುಕಡಿಯನ್ನೂ ಹಣವನ್ನೂ ತೆಗೆದುಕೊಂಡು, ಮಕ್ಕಳೊಡನೆ ಮುಂದಿನ ಊರಿಗೆ ಸಾಗುವರು. ಮಕ್ಕಳ ಊಟಬಟ್ಟೆಗಳಿಗೆ ಆಧಾರವಾಗಲೆಂದು ನಾಟಕಮಂಡಳಿಯನ್ನೂ ಕಟ್ಟಿದರು. ಕಟ್ಟಡವಿಲ್ಲದೆ ಈ ಶಾಲೆಯು ಇಪ್ಪತ್ತೆಂಟು ವರ್ಷ ನಡೆಯಿತೆಂಬುದನ್ನು ಕಟ್ಟಡನಿಧಿಯ ಚಿಂತೆಯಲ್ಲಿಯೇ ದಿನ ಕಳೆಯುವ ನಾವು ವಿಶೇಷವಾಗಿ ಗಮನಿಸಿದೆವು.

ಸಂಗೀತವನ್ನು ಕಣ್ಣಿಲ್ಲದೆ ಹೇಗೆ ಕಲಿಸುವರೆಂದು ಪಾಲಕರಲ್ಲಿ ಕೆಲವರು ಕೇಳಬಹುದು. ನಮ್ಮ ಸಂಗೀತವು ಮೊದಲಿನಿಂದಲೂ ಗುರುಮುಖದಿಂದಲೇ ಬಂದದ್ದು. ಗುರುವು ಹಾಡುವನು, ಶಿಷ್ಯನು ಕೇಳಿ ಹಾಡುವನು. ತಾಳವನ್ನು ಕೈಯ ಪೆಟ್ಟಿನಿಂದಲೂ ಬೆರಳ ಎಣಿಕೆಯಿಂದಲೂ ಹಿಡಿಯುವರು. ತಬಲೆಯ ಪ್ರತಿಯೊಂದು ಪೆಟ್ಟಿಗೂ ಒಂದೊಂದು ಬೋಲು ಇರುವದರಿಂದ ಅದನ್ನು ಬಾಯಿಪಾಠ ಮಾಡಿಸಿ ಬಳಿಕ ಕೈಗೆ ತರುವರು. ಈ ವಿದ್ಯೆಯಲ್ಲಿ ಕಣ್ಣಿಗಿಂತ ಕಿವಿಯ ಕೆಲಸವೇ ದೊಡ್ಡದು. ಅಂಧ ಮಗುವು ಕಣ್ಣುಳ್ಳವನ ಸಂಗಡ ಒಂದೇ ಚಾಪೆಯ ಮೇಲೆ ಕುಳಿತು ಸರಿಸಮನಾಗಿ ಕಲಿಯಬಹುದಾದ ವಿದ್ಯೆಯನ್ನು ಗುರುಗಳು ಆರಿಸಿಕೊಂಡಿದ್ದರೆಂಬುದು ಇದರಿಂದ ತಿಳಿಯುವದು. ಅದರಂತೆ ಅವರ ಶಾಲೆಯಲ್ಲಿ ಕಣ್ಣಿದ್ದವರಿಗೂ ಜಾಗವಿದ್ದಿತು. ಯಲಿವಾಳದ ಬಸವರಾಜ ರಾಜಗುರುಗಳೂ ಜಂಬಲದಿನ್ನಿಯ ಸಿದ್ಧರಾಮರೂ ಅವರಲ್ಲಿಯೇ ಕಲಿತು ಪ್ರಸಿದ್ಧ ಗಾಯಕರಾದರು. ೧೯೩೬ರಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ ಬಸವರಾಜರು ಹಾಡಿದರು. ಗುರುಗಳು ತಾವೇ ತಬಲೆಯನ್ನು ನುಡಿಸಿ ಶಿಷ್ಯನಿಗೆ ಸಾಥ್ ಕೊಟ್ಟರು. ತಾನು ಬದಿಗೆ ಸರಿದು ಶಿಷ್ಯನನ್ನು ಮುಂದೆ ಕೂಡಿಸುವದು ಶಿಕ್ಷಕರಾದವರಿಗೆಲ್ಲ ಒಂದು ಪಾಠವಾಗಿದೆ.

ಅವರ ಶಿಷ್ಯರಲ್ಲಿ ಅತ್ಯಂತ ಪ್ರಸಿದ್ಧರಾದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನವರೇ. ಇವರು ಹುಟ್ಟಿದ್ದು ೧೯೧೪ರ ಮಾರ್ಚ್ ೩ರಂದು, ಎಂದರೆ ಗುರುಗಳು ಶಾಲೆಯನ್ನು ಪ್ರಾರಂಭಿಸಿದ ವರ್ಷದಲ್ಲಿಯೇ. ಬಾಲ್ಯದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಈ ಮಗುವನ್ನು ಸೋದರಮಾವನು ತಂದು ಗವಾಯಿಗಳ ಕೈಗೆ ಒಪ್ಪಿಸಿದನು. ಒಬ್ಬ ಅಂಧ ಗುರುವು ಇನ್ನೊಬ್ಬ ಅಂಧ ಬಾಲಕನನ್ನು ಬೆಳೆಸಿ ಆಶ್ರಮದ ಭಾರವನ್ನು ಹೊರುವಷ್ಟು ಸಮರ್ಥನನ್ನಾಗಿ ಮಾಡಿದರು.

ವಯಸ್ಸಾಗುತ್ತ ಬಂದಂತೆ ಸಂಚಾರವು ಕಷ್ಟವಾಯಿತು. ಆಗ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಮುಂದೆ ಬಂದು ನೆರವಾಗಲು, ೧೯೪೨ರಲ್ಲಿ ಆಶ್ರಮವು ಅಲ್ಲಿ ನೆಲೆಯೂರಿತು. ತಿರುತಿರುಗಿ ದಣಿದ ಮಕ್ಕಳಿಗೆ ಒಂದು ಸೂರು ದೊರೆಯಿತು. ಆದರೆ ಗುರುಗಳು ಅದರ ಕೆಳಗೆ ಹೆಚ್ಚು ಕಾಲ ಇರಲಿಲ್ಲ. ೧೯೪೪ರ ಜೂನ್ ೧೧ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ದೇಹವನ್ನಿಟ್ಟರು. ಪುಟ್ಟರಾಜರು ಮೂವತ್ತು ವರ್ಷದವರಾಗಿದ್ದರು. ಅಂದಿನಿಂದ ೨೦೧೦ರ ಸೆಪ್ಟೆಂಬರ್ ೧೭ರಂದು ತಾವು ತೀರಿಕೊಳ್ಳುವವರೆಗೆ, ಅರುವತ್ತಾರು ವರ್ಷ, ಗುರುಗಳ ವ್ರತವನ್ನು ನಡಿಸಿದರು. ಅನೇಕ ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಅವರು ಕಾಲವಾದ ವರ್ಷದಲ್ಲಿಯೇ ಸರಕಾರವು ಪದ್ಮಭೂಷಣವನ್ನು ಕೊಟ್ಟು ಗೌರವಿಸಿತು. ಆ ಗೌರವದಲ್ಲಿ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನಿಗೂ ಪಾಲಿದ್ದಿತೆಂದು ನಾವು ಎಣಿಸುವೆವು.

ಇನ್ನು ನಮ್ಮ ಸ್ವಂತ ಕಾರಣವನ್ನು ಹೇಳುವೆವು. ಗದಗಿಗೆ ಹೋಗುವದಕ್ಕೆ ನಾಲ್ಕು ವರ್ಷ ಮೊದಲು, ಹಿರೇಕೆರೂರ ಕಡೆಯ ಒಬ್ಬ ರೈತನು ತನ್ನ ಹತ್ತು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದನು. ಹುಡುಗಿಗೆ ದೃಷ್ಟಿಯಿರಲಿಲ್ಲ. ಚೊಕ್ಕಟವಾಗಿ ಎರಡು ಜಡೆ ಹೆಣೆಯಿಸಿಕೊಂಡು, ತಂದೆಯ ಅಂಗಿಯ ತುದಿಯನ್ನು ಹಿಡಿದು ನಿಂತಿದ್ದಳು. ನಾವು ಮೃದುವಾಗಿಯೇ ಮಾತಾಡಿದೆವು. ಬ್ರೈಲ್ ಪುಸ್ತಕಗಳಿಲ್ಲ, ತರಬೇತಿಯಾದ ಶಿಕ್ಷಕಿಯಿಲ್ಲ, ವಸತಿಗೃಹದಲ್ಲಿ ಮೆಟ್ಟಿಲುಗಳು ಬಹಳ, ಮಗುವಿಗೆ ಪೆಟ್ಟಾದೀತು ಎಂದು ಕಾರಣಗಳನ್ನು ಒಂದೊಂದಾಗಿ ಹೇಳಿದೆವು. ಎಲ್ಲವೂ ನಿಜವಾದ ಕಾರಣಗಳೇ. ಆ ರೈತನು ಮರುಮಾತಾಡದೆ ಕೈಮುಗಿದು ಹೋದನು. ಆ ಮಗುವಿಗೆ ಏನು ಬರುವದೆಂದು, ಏನು ಪ್ರಿಯವೆಂದು ನಾವು ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ. ಅವಳ ಹೆಸರನ್ನು ಸಹ ಬರೆದಿಟ್ಟುಕೊಳ್ಳಲಿಲ್ಲ.

ಗದಗಿನ ಆಶ್ರಮದಲ್ಲಿ ಆ ಇಬ್ಬರು ಹುಡುಗರ ಮುಂದೆ ನಿಂತಿದ್ದಾಗ ನಮಗೆ ನೆನಪಾದದ್ದು ಆ ಎರಡು ಜಡೆಗಳು. ಪಂಚಾಕ್ಷರ ಗವಾಯಿಗಳಿಗೆ ಪುಸ್ತಕಗಳಿರಲಿಲ್ಲ, ಕಟ್ಟಡವಿರಲಿಲ್ಲ, ಕಣ್ಣೂ ಇರಲಿಲ್ಲ. ಆದಾಗ್ಯೂ ಬಂದ ಮಗುವನ್ನು ಸೇರಿಸಿಕೊಂಡರು. ನಮಗೆ ಗೋಡೆಗಳಿದ್ದವು, ತರಬೇತಿಯಿದ್ದಿತು, ಹದಿನಾರು ಜನ ಶಿಕ್ಷಕಿಯರಿದ್ದರು. ಮರಳಿ ಬಂದ ಮೇಲೆ ಆ ಕಡೆಯ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಬರೆದು ವಿಚಾರಿಸಿದೆವು. ಇಂದಿನವರೆಗೂ ಆ ಹುಡುಗಿಯ ಗುರುತು ಸಿಕ್ಕಿಲ್ಲ.

ಅಂಗವಿಕಲತೆಯ ಕಾರಣದಿಂದ ಯಾವ ಮಗುವಿಗೂ ಶಾಲೆಯ ಬಾಗಿಲನ್ನು ಮುಚ್ಚತಕ್ಕದ್ದಲ್ಲವೆಂದು ೨೦೧೬ರ ಕಾಯಿದೆಯು ವಿಧಿಸಿರುವದು. ಕಾಯಿದೆಯು ಬಾಗಿಲನ್ನು ತೆರೆಯಿಸಬಲ್ಲದು. ಒಳಗೆ ಬಂದ ಮಗುವಿನ ಬೆರಳನ್ನು ಹಿಡಿದು ಎಂಟನೆಯ ಸಾರಿಯೂ ಮೊದಲಿನಿಂದ ಹೇಳಿಕೊಡುವದು ಶಿಕ್ಷಕರಿಗೇ ಬಿಟ್ಟದ್ದು. ನಮ್ಮ ಶಾಲೆಯಲ್ಲಿ ಈಗ ಒಂದು ನಿಯಮವನ್ನು ಮಾಡಿರುವೆವು. ಯಾವ ಹೆಣ್ಣುಮಗುವನ್ನೂ ಅವಳ ಮಾತನ್ನು ಕೇಳದೆ ಹಿಂದಕ್ಕೆ ಕಳಿಸುವದಿಲ್ಲ. ಇಬ್ಬರು ಶಿಕ್ಷಕಿಯರು ಬ್ರೈಲ್ ಲಿಪಿಯನ್ನು ಕಲಿಯುತ್ತಿರುವರು. ನಾವೂ ಅವರೊಡನೆ ಕುಳಿತಿರುವೆವು. ನಮ್ಮ ಬೆರಳುಗಳು ಇನ್ನೂ ಮಂದವಾಗಿವೆ. ಕಳೆದ ವರ್ಷ ಮಂದದೃಷ್ಟಿಯ ಒಬ್ಬ ಹುಡುಗಿಯು ಎಂಟನೆಯ ತರಗತಿಗೆ ಸೇರಿದಳು. ಮೆಟ್ಟಿಲುಗಳನ್ನು ಅವಳು ಮೂರೇ ದಿನದಲ್ಲಿ ಎಣಿಸಿ ಕಲಿತುಬಿಟ್ಟಳು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನೀವು ಈಗ ಆ ನಾಲ್ಕು ತಾಲೂಕುಗಳ ಊರೂರುಗಳಲ್ಲಿ ಸಂಸಾರ ನಡಿಸುತ್ತಿರುವಿರಿ. ಹಲವರು ಶಿಕ್ಷಕಿಯರೂ ದಾದಿಯರೂ ಆಗಿರುವಿರಿ. ನಿಮ್ಮ ಓಣಿಯಲ್ಲಿ ಮೂಲೆ ಹಿಡಿದು ಕುಳಿತ ಮಗುವೊಂದು ಇದ್ದರೆ ದಯಮಾಡಿ ನಮಗೆ ಒಂದು ಪತ್ರವನ್ನು ಬರೆಯಿರಿ. ಪಾಲಕರೇ, ನಿಮ್ಮ ಮಕ್ಕಳನ್ನು ಕರೆದುಕೊಂಡು ಒಂದು ದಿನ ಗದಗಿನ ಆಶ್ರಮವನ್ನು ನೋಡಿಬನ್ನಿರಿ. ಸಾಧ್ಯವಾದರೆ ಕಾಡಶೆಟ್ಟಿಹಳ್ಳಿಯನ್ನೂ ನೋಡಿರಿ. ಮತ್ತು ಹಿರೇಕೆರೂರ ಕಡೆಯ ಓದುಗರಲ್ಲಿ ಯಾರಿಗಾದರೂ, ಆರು ವರ್ಷಗಳ ಹಿಂದೆ ಮಗಳನ್ನು ಶಾಲೆಗೆ ಸೇರಿಸಲು ಹೋಗಿ ಮರಳಿ ಬಂದ ಒಬ್ಬ ರೈತನ ಗುರುತು ಇದ್ದರೆ, ಆ ಹುಡುಗಿಗೆ ಈಗ ಹದಿನಾರು ವರ್ಷವಾಗಿರಬೇಕು, ಅವಳಿಗೆ ನಮ್ಮ ಶಾಲೆಯಲ್ಲಿ ಜಾಗವಿದೆಯೆಂದು ತಿಳಿಸುವಿರೆಂದು ನಂಬಿರುವೆವು.