ಮಠದ ತೋಟದಲ್ಲಿ ಬಟಾಣಿ ಎಣಿಸಿದ ಧರ್ಮಗುರು

ಮನೆಗಳನ್ನು ಸಂದರ್ಶಿಸುವ ಸಂದರ್ಭಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಒಂದು ನೋವಿದೆ. ಮಗುವೊಂದು ಹುಟ್ಟಿನಿಂದಲೇ ಬಂದ ಕಾಯಿಲೆಯಿಂದ ನರಳುತ್ತಿರುತ್ತದೆ. ಆ ಕಾಯಿಲೆ ಯಾರ ಕಡೆಯಿಂದ ಬಂತೆಂಬ ವಿಚಾರಣೆ ಮನೆಯೊಳಗೆ ಆರಂಭವಾಗುತ್ತದೆ. ಬಹುತೇಕ ತೀರ್ಪು ಸೊಸೆಯ ವಿರುದ್ಧವೇ ಬೀಳುತ್ತದೆ. ಅವಳ ತವರಿನ ರಕ್ತವೇ ಕೆಟ್ಟದ್ದೆಂದು ಹಿರಿಯರು ನುಡಿದುಬಿಡುತ್ತಾರೆ. ಆ ತಾಯಿ ಮಗುವಿನ ನೋವಿನೊಂದಿಗೆ ಈ ಅಪವಾದದ ಭಾರವನ್ನೂ ಹೊರಬೇಕಾಗುತ್ತದೆ. ಈ ಅನ್ಯಾಯಕ್ಕೆ ಸಮರ್ಪಕ ಉತ್ತರವನ್ನು ಕೊಟ್ಟವರು, ನೂರೈವತ್ತು ವರ್ಷಗಳಿಗೂ ಹಿಂದೆ ಮಠವೊಂದರ ತೋಟದಲ್ಲಿ ಬಟಾಣಿ ಬೆಳೆದು ಎಣಿಸಿದ ಒಬ್ಬ ಕಥೋಲಿಕ ಧರ್ಮಗುರು. ನಮ್ಮ ಮಕ್ಕಳು ಶಾಲೆಯ ವಿಜ್ಞಾನ ಪಠ್ಯದಲ್ಲಿ ಗ್ರೆಗರ್ ಮೆಂಡಲ್ ಎಂಬ ಹೆಸರನ್ನು ಓದುತ್ತಾರೆ. ಆದರೆ ಆತ ದಿವ್ಯ ಬಲಿಪೂಜೆಯನ್ನು ಅರ್ಪಿಸುತ್ತಿದ್ದ ಗುರುವೆಂಬುದನ್ನು ಅನೇಕರು ಅರಿಯರು.

ಮೆಂಡಲ್ ಅವರು 1822ರ ಜುಲೈ ತಿಂಗಳಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಸೆನ್‌ಡೋರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ಈಗ ಚೆಕ್ ಗಣರಾಜ್ಯಕ್ಕೆ ಸೇರಿದೆ. ಜ್ಞಾನಸ್ನಾನದಲ್ಲಿ ಅವರಿಗಿಟ್ಟ ಹೆಸರು ಯೋಹಾನ್. ತಂದೆ ಆಂಟನ್ ಬಡ ರೈತ; ವಾರದಲ್ಲಿ ಮೂರು ದಿನ ಜಮೀನ್ದಾರನಿಗೆ ಬಿಟ್ಟಿ ಚಾಕರಿ ಮಾಡಿ, ಉಳಿದ ದಿನಗಳಲ್ಲಿ ಸ್ವಂತ ಹೊಲದಲ್ಲಿ ದುಡಿಯಬೇಕಾಗಿತ್ತು. ಊರಿನ ಧರ್ಮಗುರು ಶ್ರೈಬರ್ ಅವರು ಜನರಿಗೆ ಜಪತಪಗಳೊಡನೆ ಹಣ್ಣಿನ ಗಿಡಗಳ ಕಸಿಯನ್ನೂ ಕಲಿಸುತ್ತಿದ್ದರು. ಬಾಲಕ ಯೋಹಾನನಿಗೆ ಸಸ್ಯಗಳ ಮೇಲಿನ ಒಲವು ಮೊಳೆತದ್ದು ಈ ವಾತಾವರಣದಲ್ಲಿಯೇ.

1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆ ತೀವ್ರವಾಗಿ ಗಾಯಗೊಂಡರು. ಹದಿನಾರರ ಯೋಹಾನ್ ಮನೆಪಾಠ ಹೇಳಿ ತನ್ನ ಅನ್ನವನ್ನು ತಾನೇ ಸಂಪಾದಿಸಬೇಕಾಯಿತು. ಹಸಿವು, ಚಿಂತೆಗಳಿಂದ ಹಲವು ಬಾರಿ ಹಾಸಿಗೆ ಹಿಡಿದದ್ದೂ ಉಂಟು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇರಿಸಿದ್ದ ವರದಕ್ಷಿಣೆಯ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಅಣ್ಣನೂ ಆ ಋಣವನ್ನು ಮರೆಯಲಿಲ್ಲ; ಮುಂದೆ ಅವಳ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. ವಿಜ್ಞಾನದ ಇತಿಹಾಸದಲ್ಲಿ ತೆರೇಸಿಯಾಳ ಹೆಸರು ದೊಡ್ಡ ಅಕ್ಷರಗಳಲ್ಲಿ ಕಾಣಿಸದು. ಆದರೂ ಆ ತ್ಯಾಗವಿಲ್ಲದಿದ್ದರೆ ಮೆಂಡಲ್ ಅವರ ಓದು ಅರ್ಧಕ್ಕೇ ನಿಲ್ಲುವ ಸಂಭವವಿತ್ತು.

ಓಲೊಮೊಟ್ಸ್ ನಗರದಲ್ಲಿ ತತ್ತ್ವಶಾಸ್ತ್ರವನ್ನು ಮುಗಿಸಿ, ಗುರುವರ್ಯರೊಬ್ಬರ ಶಿಫಾರಸಿನ ಮೇರೆಗೆ 1843ರಲ್ಲಿ ಅವರು ಬ್ರನೋ ಪಟ್ಟಣದ ಸಂತ ತೋಮಾಸರ ಅಗಸ್ಟೀನಿಯನ್ ಮಠವನ್ನು ಸೇರಿದರು. ಗ್ರೆಗರ್ ಎಂಬುದು ಅಲ್ಲಿ ದೊರೆತ ಹೆಸರು. ಜೀವನೋಪಾಯದ ಚಿಂತೆಯಿಂದ ಮುಕ್ತವಾದ ಬದುಕನ್ನು ತಾವು ಬಯಸಿದ್ದುದನ್ನು ಅವರೇ ಮುಂದೆ ಬಿಚ್ಚುಮನಸ್ಸಿನಿಂದ ಬರೆದರು. ದೇವರು ಬಡತನದ ಮೂಲಕವೂ ಕರೆಯಬಲ್ಲರೆಂದು ನಾವು ಇದನ್ನು ತಿಳಿಯುತ್ತೇವೆ. ಮಠಾಧಿಪತಿ ಸಿರಿಲ್ ನಾಪ್ ಅವರು ವಿದ್ಯಾಪ್ರೇಮಿಗಳಾಗಿದ್ದು, ಮಠವನ್ನು ಪಾಂಡಿತ್ಯದ ನೆಲೆಯನ್ನಾಗಿ ಬೆಳೆಸಿದ್ದರು. ಮಠದವರಿಗೆ ಪ್ರಾರ್ಥನೆಗಿಂತ ಲೌಕಿಕ ವಿದ್ಯೆಯೇ ಹೆಚ್ಚಾಯಿತೆಂದು ಭಾವಿಸಿದ ಸ್ಥಳೀಯ ಬಿಷಪರು 1854ರಲ್ಲಿ ಮಠವನ್ನು ಮುಚ್ಚಿಸಲೂ ಯತ್ನಿಸಿದರು. ನಾಪ್ ಅವರು ಮಣಿಯಲಿಲ್ಲ. ಧರ್ಮಸಭೆಯೊಳಗಿನ ಈ ಘರ್ಷಣೆಯನ್ನು ಮರೆಮಾಚುವ ಅಗತ್ಯ ನಮಗಿಲ್ಲ.

1847ರಲ್ಲಿ ಗುರುದೀಕ್ಷೆ ಪಡೆದ ಮೆಂಡಲ್ ಅವರನ್ನು ಧರ್ಮಕೇಂದ್ರದ ಸೇವೆಗೆ ನಿಯೋಜಿಸಲಾಯಿತು. ಆದರೆ ರೋಗಿಗಳ ಹಾಗೂ ಸಾಯುತ್ತಿರುವವರ ಬಳಿ ಹೋದಾಗಲೆಲ್ಲ ಅವರ ಮನಸ್ಸು ಕುಸಿದು, ತಾವೇ ಕಾಯಿಲೆ ಬೀಳುತ್ತಿದ್ದರು. ಧರ್ಮಗುರುವಿಗೆ ಇದಕ್ಕಿಂತ ದೊಡ್ಡ ಸೋಲು ಯಾವುದಿದೆ? ನಾಪ್ ಅವರು ಅವರನ್ನು ಖಂಡಿಸದೆ, 1849ರಲ್ಲಿ ಜ್ನೋಯ್ಮೊ ಪಟ್ಟಣದ ಶಾಲೆಗೆ ಶಿಕ್ಷಕರನ್ನಾಗಿ ಕಳುಹಿಸಿದರು. ಪಾಠ ಹೇಳುವುದರಲ್ಲಿ ಅವರು ನಿಪುಣರಾದರು. ಆದರೆ 1850ರ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 1856ರಲ್ಲಿ ಮತ್ತೆ ಕುಳಿತಾಗಲೂ ಪೂರೈಸಲಾಗಲಿಲ್ಲ. ಹೀಗಾಗಿ 1854ರಿಂದ 1868ರವರೆಗೆ ಬ್ರನೋ ಶಾಲೆಯಲ್ಲಿ ಅವರು ಬದಲಿ ಶಿಕ್ಷಕರಾಗಿಯೇ ಉಳಿದರು. ಜೀವಶಾಸ್ತ್ರದ ದಿಕ್ಕನ್ನೇ ಬದಲಿಸಿದ ಈ ವ್ಯಕ್ತಿಗೆ ಶಾಲಾಶಿಕ್ಷಕನ ಪೂರ್ಣ ಅರ್ಹತೆ ಎಂದೂ ದೊರೆಯಲಿಲ್ಲ. ಪರೀಕ್ಷೆಯಲ್ಲಿ ಸೋತು ಮನೆಗೆ ಮರಳುವ ಮಕ್ಕಳ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಎರಡು ಸೋಲುಗಳ ನಡುವೆ ಒಂದು ವರವೂ ಬಂದಿತ್ತು. ನಾಪ್ ಅವರು 1851ರಲ್ಲಿ ಮೆಂಡಲ್ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಭೌತಶಾಸ್ತ್ರಜ್ಞ ಡಾಪ್ಲರ್ ಅವರಿಂದ ಪ್ರಯೋಗದ ಶಿಸ್ತನ್ನೂ, ಎಟಿಂಗ್ಸ್‌ಹೌಸೆನ್ ಅವರಿಂದ ಗಣಿತದ ಸಂಯೋಜನಾ ಕ್ರಮವನ್ನೂ, ಸಸ್ಯವಿಜ್ಞಾನಿ ಉಂಗರ್ ಅವರಿಂದ ಸಸ್ಯದ ಜೀವಕೋಶದ ವಿಚಾರವನ್ನೂ ಅವರು ಕಲಿತರು. ಈ ಮೂರೂ ವಿದ್ಯೆಗಳು ಮಠದ ತೋಟದಲ್ಲಿ ಒಂದಾಗಿ ಸೇರಿದವು.

ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಹಾಲು ನೀರಿನಂತೆ ಬೆರೆತುಹೋಗುತ್ತವೆಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಮೆಂಡಲ್ ಅವರು ಇದನ್ನು ಪರೀಕ್ಷಿಸಲು ಬಟಾಣಿಯನ್ನು ಆರಿಸಿಕೊಂಡರು. 34 ತಳಿಗಳನ್ನು ಎರಡು ವರ್ಷ ಬೆಳೆದು, ಗುಣ ಬದಲಾಗದ 22 ತಳಿಗಳನ್ನು ಉಳಿಸಿಕೊಂಡರು. ಬಟಾಣಿ ಹೂವು ತನ್ನ ಪರಾಗದಿಂದ ತಾನೇ ಕಾಯಿಕಟ್ಟುತ್ತದೆ. ಆದ್ದರಿಂದ ಎಳೆಯ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಸವರಿ, ಪುಟ್ಟ ಚೀಲ ಕಟ್ಟಬೇಕಾಗಿತ್ತು. 1856ರಿಂದ 1863ರವರೆಗೆ ಸುಮಾರು 28,000 ಗಿಡಗಳನ್ನು ಅವರು ಬೆಳೆದರು. ಕಾಳಿನ ಆಕಾರ, ಕಾಳಿನ ಬಣ್ಣ, ಹೂವಿನ ಬಣ್ಣ, ಕಾಯಿಯ ಆಕಾರ, ಕಾಯಿಯ ಬಣ್ಣ, ಹೂವಿನ ಸ್ಥಾನ, ಗಿಡದ ಎತ್ತರ ಎಂಬ ಏಳು ಗುಣಗಳನ್ನು ಮಾತ್ರ ಗಮನಿಸಿದರು.

ಗುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು ಕಾಳುಗಳೇ ಆದವು. ಸುಕ್ಕು ಅಳಿದುಹೋಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಅವರು ಆ ಕಾಳುಗಳನ್ನೇ ಮತ್ತೆ ಬಿತ್ತಿದರು. ಎರಡನೆಯ ಪೀಳಿಗೆಯಲ್ಲಿ ದೊರೆತ 7,324 ಕಾಳುಗಳಲ್ಲಿ 5,474 ಗುಂಡಗಿದ್ದವು, 1,850 ಸುಕ್ಕಾಗಿದ್ದವು. ಹಳದಿ ಮತ್ತು ಹಸಿರು ಕಾಳುಗಳ ಲೆಕ್ಕದಲ್ಲಿಯೂ 6,022ಕ್ಕೆ 2,001 ಬಂದವು. ಎಲ್ಲೆಡೆಯೂ ಸರಿಸುಮಾರು ಮೂರಕ್ಕೆ ಒಂದು. ಇದರಿಂದ ಅವರು ತೆಗೆದ ನಿರ್ಣಯ ಸರಳ, ಆದರೆ ಅಪೂರ್ವ. ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ಅಂಶಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಪ್ರಬಲ ಅಂಶದ ಎದುರು ದುರ್ಬಲ ಅಂಶ ಕಾಣಿಸಿಕೊಳ್ಳದು. ಆದರೆ ಅಳಿಯುವುದೂ ಇಲ್ಲ. ಇಬ್ಬರಿಂದಲೂ ಅದೇ ದುರ್ಬಲ ಅಂಶ ಬಂದಾಗ ಮತ್ತೆ ಪ್ರಕಟವಾಗುತ್ತದೆ. ಕಾಣದಿರುವುದೂ ಇಲ್ಲದಿರುವುದೂ ಬೇರೆ ಬೇರೆ ಎಂಬ ತತ್ತ್ವಶಾಸ್ತ್ರದ ಹಳೆಯ ಪಾಠವನ್ನು ಬಟಾಣಿ ಕಾಳುಗಳು ಲೆಕ್ಕದಲ್ಲಿ ತೋರಿಸಿಕೊಟ್ಟವು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ನಿಸರ್ಗ ವಿಜ್ಞಾನ ಸಂಘದ ಸಭೆಗಳಲ್ಲಿ ಅವರು ಇದನ್ನು ಮಂಡಿಸಿದರು. ಮರುವರ್ಷ ಪ್ರಬಂಧ ಅಚ್ಚಾಯಿತು. ಪ್ರಬಂಧದ 40 ಬಿಡಿ ಪ್ರತಿಗಳನ್ನು ಅವರು ಮಾಡಿಸಿಕೊಂಡರು. ಜಗತ್ತು ಗಮನಿಸಲಿಲ್ಲ. ಮ್ಯೂನಿಕ್‌ನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿ ಅವರೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತಾದರೂ, ಅವರಿಗೂ ಮೆಂಡಲ್ ಅವರ ಕೆಲಸದ ಮಹತ್ತ್ವ ಹೊಳೆಯಲಿಲ್ಲ. ನೇಗೆಲಿ ಅವರಿಗೆ ಪ್ರಿಯವಾಗಿದ್ದ ಹೈರೇಸಿಯಂ ಎಂಬ ಹಳದಿ ಹೂವಿನ ಗಿಡದ ಮೇಲೆ ಪ್ರಯೋಗ ನಡೆಸಿದಾಗ ಬಟಾಣಿಯ ನಿಯಮ ಅಲ್ಲಿ ಕಾಣಲಿಲ್ಲ. ಆ ಗಿಡ ಬಹುಮಟ್ಟಿಗೆ ಪರಾಗಸಂಯೋಗವಿಲ್ಲದೆಯೇ ಬೀಜ ಕಟ್ಟುತ್ತದೆಂಬ ಸಂಗತಿ 20ನೇ ಶತಮಾನದ ಆರಂಭದವರೆಗೂ ಯಾರಿಗೂ ತಿಳಿದಿರಲಿಲ್ಲ. ತಮ್ಮದಲ್ಲದ ತಪ್ಪಿಗೆ ಮೆಂಡಲ್ ಅವರು ಮತ್ತೊಮ್ಮೆ ಸೋತರು.

1868ರಲ್ಲಿ ಅವರು ಮಠಾಧಿಪತಿಯಾಗಿ ಆಯ್ಕೆಯಾದರು. ಜೇನು ಸಾಕಣೆ, ಹವಾಮಾನ ವೀಕ್ಷಣೆಗಳು ಮುಂದುವರಿದರೂ ಪ್ರಯೋಗಗಳಿಗೆ ಸಮಯ ಕಡಿಮೆಯಾಯಿತು. ಮಠಗಳ ಮೇಲೆ 1874ರಲ್ಲಿ ವಿಧಿಸಲಾದ ತೆರಿಗೆಯನ್ನು ಅವರು ಕೊನೆಯವರೆಗೂ ಪ್ರತಿಭಟಿಸಿದರು. ಆ ಹಟ ಸ್ನೇಹಿತರನ್ನು ದೂರ ಮಾಡಿತು, ಆರೋಗ್ಯವನ್ನೂ ಕೆಡಿಸಿತು. ಮೂತ್ರಪಿಂಡದ ಕಾಯಿಲೆಯಿಂದ 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅವರು ದೈವಾಧೀನರಾದರು. ಅಂತ್ಯಕ್ರಿಯೆಯ ಸಂಗೀತವನ್ನು ನಡೆಸಿಕೊಟ್ಟವರು ಮುಂದೆ ಜಗತ್ಪ್ರಸಿದ್ಧರಾದ ಯಾನಾಚೆಕ್. ಊರಿನ ಬಡವರು ತಮ್ಮ ಹಿತೈಷಿಗಾಗಿ ಅತ್ತರು. ವಿಜ್ಞಾನಿಯೊಬ್ಬರನ್ನು ಕಳೆದುಕೊಂಡೆವೆಂದು ಅಳುವವರು ಯಾರೂ ಇರಲಿಲ್ಲ. ಅವರ ಟಿಪ್ಪಣಿಗಳ ಬಹುಭಾಗ ಬೆಂಕಿಯ ಪಾಲಾಯಿತು.

ಹದಿನಾರು ವರ್ಷಗಳ ನಂತರ, 1900ರಲ್ಲಿ, ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಅವರು ತಮ್ಮ ತಮ್ಮ ಪ್ರಯೋಗಗಳ ದಾರಿಯಲ್ಲಿ ಆ ಮರೆತ ಪ್ರಬಂಧವನ್ನು ಕಂಡರು. ಕಾರೆನ್ಸ್ ಅವರು ಅದೇ ನೇಗೆಲಿ ಅವರ ಶಿಷ್ಯರೆಂಬುದು ವಿಧಿಯ ವಿನೋದ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರು ಮೆಂಡಲ್ ಅವರ ಅಂಕಿಗಳು ನಿರೀಕ್ಷೆಗಿಂತ ಅಚ್ಚುಕಟ್ಟಾಗಿವೆಯೆಂದು ಸಂಶಯಪಟ್ಟರು. ಆ ವಾದ ಬಹುಕಾಲ ನಡೆಯಿತು. ಆದರೆ ನಿಯಮಗಳು ಅಲುಗಲಿಲ್ಲ.

ಮೆಂಡಲ್ ಅವರು ಅಂಶಗಳೆಂದು ಕರೆದವುಗಳನ್ನು ಅವರೆಂದೂ ಕಣ್ಣಾರೆ ಕಾಣಲಿಲ್ಲ. ಅವು ಜೀವಕೋಶದೊಳಗಿನ ಡಿಎನ್‌ಎ ಎಳೆಯ ಮೇಲಿನ ವಂಶವಾಹಿಗಳೆಂದು ಇಂದು ನಮಗೆ ತಿಳಿದಿದೆ. 1990ರಲ್ಲಿ ವಿಜ್ಞಾನಿಗಳು ಸುಕ್ಕು ಕಾಳಿನ ಗುಟ್ಟನ್ನು ಬಿಡಿಸಿದರು. ಪಿಷ್ಟಕ್ಕೆ ಕವಲೊಡೆಯಿಸುವ ಕಿಣ್ವವೊಂದರ ವಂಶವಾಹಿಯೊಳಗೆ ಸುಮಾರು 800 ಅಕ್ಷರಗಳ ತುಂಡೊಂದು ಸೇರಿಕೊಂಡು ಅದನ್ನು ಕೆಡಿಸಿದೆ. ಆದ್ದರಿಂದ ಸಕ್ಕರೆ ಹಾಗೂ ನೀರು ಹೆಚ್ಚಾಗಿ ತುಂಬಿ, ಒಣಗುವಾಗ ಕಾಳು ಸುಕ್ಕಾಗುತ್ತದೆ. ಗಿಡ್ಡ ಗಿಡದಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಚೋದಕ ಸರಿಯಾಗಿ ತಯಾರಾಗದೆಂದು 1997ರಲ್ಲಿ ತಿಳಿಯಿತು. 1960ರ ದಶಕದಲ್ಲಿ ಭಾರತದ ಗದ್ದೆಗಳಿಗೆ ಬಂದ ಗಿಡ್ಡ ಭತ್ತ ಐಆರ್-8ರ ಗುಟ್ಟೂ ಅದೇ ಚೋದಕದ ತಯಾರಿಕೆಯ ಕೊರತೆಯೇ. ಹಸಿರು ಕಾಳಿನಲ್ಲಿ ಪತ್ರಹರಿತ್ತು ಕರಗದೆ ಉಳಿಯುವ ಕಾರಣ 2007ರಲ್ಲಿ, ಬಿಳಿ ಹೂವಿನ ಕಾರಣ 2010ರಲ್ಲಿ ದೊರೆತವು. ಉಳಿದ ಮೂರು ಗುಣಗಳ ವಂಶವಾಹಿಗಳನ್ನು ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರ ಹಾಗೂ ಚೀನಾದ ವಿಜ್ಞಾನಿಗಳು ಸುಮಾರು 700 ಬಟಾಣಿ ಮಾದರಿಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದರು. ಅವರನ್ನು ಸೋಲಿಸಿದ ಹೈರೇಸಿಯಂ ಗಿಡದ ವಿದ್ಯೆಯೂ ಈಗ ಬೇಕಾಗಿದೆ. ಹೈಬ್ರಿಡ್ ಬೀಜದ ಗುಣ ಮುಂದಿನ ಪೀಳಿಗೆಯಲ್ಲಿ ಒಡೆದುಹೋಗುವುದರಿಂದ ರೈತ ಪ್ರತಿವರ್ಷ ಬೀಜ ಕೊಳ್ಳಬೇಕಾಗುತ್ತದೆ. ತಾಯಿಗಿಡದ ಗುಣವನ್ನೇ ಹೊತ್ತ ಬೀಜವನ್ನು ಸಂಯೋಗವಿಲ್ಲದೆ ಭತ್ತದಲ್ಲಿ ಪಡೆಯಬಹುದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಜ್ಞಾನದ ದುರುಪಯೋಗವೂ ನಡೆಯಿತು. ಬಟಾಣಿಯ ಲೆಕ್ಕವನ್ನು ಮನುಷ್ಯನ ಘನತೆಗೆ ಹಚ್ಚಿ, ದುರ್ಬಲರೆಂದು ಹಣೆಪಟ್ಟಿ ಕಟ್ಟಿ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನುಗಳು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1907ರಲ್ಲಿ, ಜರ್ಮನಿಯಲ್ಲಿ 1933ರಲ್ಲಿ ಬಂದವು. 11ನೇ ಪಿಯೂಸ್ ಜಗದ್ಗುರುಗಳು 1930ರ ತಮ್ಮ ವಿಶ್ವಪತ್ರದಲ್ಲಿ ಇಂತಹ ಕ್ರಮಗಳನ್ನು ಖಂಡಿಸಿದ್ದರು. ಗುಣವನ್ನು ಎಣಿಸಬಹುದು, ವ್ಯಕ್ತಿಯ ಬೆಲೆಯನ್ನು ಎಣಿಸಲಾಗದು.

ಈಗ ನಾವು ಆರಂಭದ ಮನೆಗೆ ಮರಳೋಣ. ತಲಸ್ಸೇಮಿಯಾ, ಕುಡಗೋಲು ಕಣ ರಕ್ತಹೀನತೆ ಮೊದಲಾದ ಕಾಯಿಲೆಗಳು ಸುಕ್ಕು ಕಾಳಿನ ದಾರಿಯಲ್ಲಿಯೇ ಬರುತ್ತವೆ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು, ಅರಿವಿಲ್ಲದೆ ಒಂದೊಂದು ಅಂಶವನ್ನು ಹೊತ್ತಿರುತ್ತಾರೆ. ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಿತೆಂದು ಮುಂದಿನ ಮಗುವಿನ ಲೆಕ್ಕ ಬದಲಾಗದು. ಅಂದರೆ ಇಲ್ಲಿ ಸೊಸೆಯ ಕಡೆ, ಮಗನ ಕಡೆ ಎಂಬ ವಿಚಾರಣೆಗೆ ಅರ್ಥವೇ ಇಲ್ಲ. ಇಬ್ಬರೂ ಕೊಟ್ಟಿದ್ದಾರೆ, ಇಬ್ಬರೂ ನಿರಪರಾಧಿಗಳು. ಮದುವೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ; ಹುಟ್ಟಿದ ಮಗುವನ್ನು ದೇವರ ವರವೆಂದು ಅಪ್ಪಿಕೊಳ್ಳುವುದು ವಿಶ್ವಾಸ. ಅಪವಾದ ಹೊತ್ತ ತಾಯಿ ನಿಮ್ಮ ಮನೆಯಲ್ಲಿದ್ದರೆ, ಈ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಅವಳಲ್ಲಿ ಕ್ಷಮೆ ಕೇಳಿರಿ.

ಬೀಜ ಬಿತ್ತಿದವನು ಮಲಗಿ ಏಳುತ್ತಿರಲು, ಅವನಿಗೇ ತಿಳಿಯದ ರೀತಿಯಲ್ಲಿ ಬೆಳೆ ಮೇಲೇಳುವ ಸಾಮತಿಯನ್ನು ಪ್ರಭು ಯೇಸು ಹೇಳಿದ್ದಾರೆ. ಮೆಂಡಲ್ ಅವರು ಬಿತ್ತಿದರು, ಎಣಿಸಿದರು, ಕಣ್ಮುಚ್ಚಿದರು. ಬೆಳೆಯನ್ನು ಕಂಡವರು ಬೇರೆಯವರು. ಫಲ ಕಾಣದೆಯೂ ಪ್ರಾಮಾಣಿಕವಾಗಿ ದುಡಿಯುವ ಶಿಕ್ಷಕರು, ರೈತರು, ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರಿಗೂ ಬ್ರನೋ ಮಠದ ಈ ಗುರುವಿನ ಬಾಳು ಸಮಾಧಾನ ನೀಡಲಿ.