ಓಲೆ-ಯೋಹಾನ್ ಡಾಲ್

ಓಲೆ-ಯೋಹಾನ್ ಡಾಲ್ (ಅಕ್ಟೋಬರ್ ೧೨, ೧೯೩೧ – ಜೂನ್ ೨೯, ೨೦೦೨) ನಾರ್ವೆ ದೇಶದ ಗಣಕ ವಿಜ್ಞಾನಿ. ಕ್ರಿಸ್ಟೆನ್ ನೈಗಾರ್ಡ್ ಅವರೊಡನೆ ಸಿಮುಲಾ ಪ್ರೋಗ್ರಾಮಿಂಗ್ ಭಾಷೆಗಳನ್ನು ರೂಪಿಸಿದ ಇವರು ವಸ್ತು-ಆಧಾರಿತ ಪ್ರೋಗ್ರಾಮಿಂಗಿನ ಜನಕರಲ್ಲಿ ಒಬ್ಬರೆಂದು ಪ್ರಸಿದ್ಧರಾಗಿದ್ದಾರೆ. ವರ್ಗ, ಉಪವರ್ಗ, ವಸ್ತು ಮತ್ತು ವರ್ಚುವಲ್ ಕಾರ್ಯವಿಧಾನ ಎಂಬ ಪರಿಕಲ್ಪನೆಗಳು ಮೊದಲ ಬಾರಿಗೆ ಒಂದೇ ಭಾಷೆಯಲ್ಲಿ ಒಟ್ಟುಗೂಡಿದ್ದು ೧೯೬೭ರ ಸಿಮುಲಾದಲ್ಲಿ. ಕಡತವನ್ನು ಓದುವ ಮತ್ತು ಬರೆಯುವ ಕೆಲಸವನ್ನು ವರ್ಗಗಳ ಶ್ರೇಣಿಯಾಗಿ ವ್ಯಾಖ್ಯಾನಿಸಿದ ಮೊದಲ ಭಾಷೆಗಳಲ್ಲಿಯೂ ಅದು ಸೇರಿದೆ.

ಬಾಲ್ಯ ಮತ್ತು ಶಿಕ್ಷಣ

ಡಾಲ್ ಅವರು ದಕ್ಷಿಣ ನಾರ್ವೆಯ ಕರಾವಳಿಯ ಮಾಂಡಾಲ್ ಪಟ್ಟಣದಲ್ಲಿ ಜನಿಸಿದರು. ಅವರಿಗೆ ಏಳು ವರ್ಷವಾಗಿದ್ದಾಗ ಕುಟುಂಬವು ಡ್ರಾಮೆನ್ ನಗರಕ್ಕೆ ಬಂದು ನೆಲೆಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾರ್ವೆಯು ಜರ್ಮನಿಯ ವಶದಲ್ಲಿತ್ತು. ಡಾಲ್ ಹದಿಮೂರು ವರ್ಷದ ಬಾಲಕನಾಗಿದ್ದಾಗ ಇಡೀ ಕುಟುಂಬವು ದೇಶ ತೊರೆದು ಸ್ವೀಡನ್ನಿನಲ್ಲಿ ಆಶ್ರಯ ಪಡೆಯಿತು. ಯುದ್ಧ ಮುಗಿದ ಮೇಲೆ ಸ್ವದೇಶಕ್ಕೆ ಮರಳಿದ ಅವರು ಓಸ್ಲೋ ವಿಶ್ವವಿದ್ಯಾಲಯದಲ್ಲಿ ಸಂಖ್ಯಾತ್ಮಕ ಗಣಿತವನ್ನು ಅಧ್ಯಯನ ಮಾಡಿ ೧೯೫೭ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪಿಯಾನೋ ವಾದನದಲ್ಲಿ ಅವರಿಗೆ ಜೀವನದುದ್ದಕ್ಕೂ ಆಸಕ್ತಿಯಿತ್ತು.

ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ

೧೯೫೨ರಲ್ಲಿ ಕಡ್ಡಾಯ ಸೈನಿಕ ಸೇವೆಯ ನಿಮಿತ್ತ ಡಾಲ್ ಅವರು ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಲ್ಲಿ ಯಾನ್ ಗಾರ್ವಿಕ್ ಅವರ ಮಾರ್ಗದರ್ಶನದಲ್ಲಿ ಗಣಕಯಂತ್ರಗಳ ಪರಿಚಯವಾಯಿತು. ಸಂಸ್ಥೆಗೆ ಬಂದ ಫೆರಾಂಟಿ ಮರ್ಕ್ಯುರಿ ಯಂತ್ರಕ್ಕಾಗಿ ಮೂಲಭೂತ ತಂತ್ರಾಂಶವನ್ನು ಅವರು ಸಿದ್ಧಪಡಿಸಿದರು. ಗಣಿತದ ಸೂತ್ರಗಳಿಗೆ ಹತ್ತಿರವಾದ ರೂಪದಲ್ಲಿ ಕ್ರಮವಿಧಿ ಬರೆಯಲು ಅನುಕೂಲವಾಗುವ ಮ್ಯಾಕ್ ಎಂಬ ವ್ಯವಸ್ಥೆಯನ್ನೂ ಇಲ್ಲಿಯೇ ರೂಪಿಸಿದರು. ನೈಗಾರ್ಡ್ ಅವರ ಪರಿಚಯವಾದದ್ದು ಕೂಡ ಇದೇ ಸಂಸ್ಥೆಯಲ್ಲಿ.

ಸಿಮುಲಾದ ಹುಟ್ಟು

ನೈಗಾರ್ಡ್ ಅವರು ೧೯೬೦ರಲ್ಲಿ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿಗೆ ತೆರಳಿದ್ದರು. ಸರತಿ ಸಾಲುಗಳು, ಕಾರ್ಖಾನೆಗಳು ಮುಂತಾದ ಸಂಕೀರ್ಣ ವ್ಯವಸ್ಥೆಗಳನ್ನು ಗಣಕದಲ್ಲಿ ಅನುಕರಿಸಿ ನೋಡುವ ಭಾಷೆಯೊಂದು ಅವರಿಗೆ ಬೇಕಿತ್ತು. ಸಮಸ್ಯೆಯ ಅರಿವು ನೈಗಾರ್ಡ್ ಅವರದಾಗಿದ್ದರೆ, ಅದನ್ನು ಭಾಷೆಯಾಗಿಸುವ ತಾಂತ್ರಿಕ ಪ್ರತಿಭೆ ಡಾಲ್ ಅವರದಾಗಿತ್ತು. ೧೯೬೨ರಿಂದ ಇಬ್ಬರೂ ಜೊತೆಯಾಗಿ ದುಡಿದರು. ೧೯೬೩ರಲ್ಲಿ ಡಾಲ್ ಕೂಡ ಅದೇ ಕೇಂದ್ರದ ಸಿಬ್ಬಂದಿಯಾದರು.

ಹೊಸ ಭಾಷೆಗೆ ಆಧಾರವಾಗಿ ಅವರು ಆಲ್ಗಾಲ್ ೬೦ ಭಾಷೆಯನ್ನು ಆರಿಸಿಕೊಂಡರು. ಅದರಲ್ಲಿ ಒಂದು ತೊಡಕಿತ್ತು. ಆಲ್ಗಾಲ್‌ನಲ್ಲಿ ಕಾರ್ಯವಿಧಾನವೊಂದು ಮುಗಿದೊಡನೆ ಅದರ ಸ್ಥಳೀಯ ದತ್ತಾಂಶವೂ ಮೆಮೊರಿಯಿಂದ ಅಳಿದುಹೋಗುತ್ತದೆ. ಕೊನೆಗೆ ಬಂದದ್ದು ಮೊದಲು ಹೊರಡಬೇಕೆಂಬುದು ಅದರ ನಿಯಮ. ಅನುಕರಣೆಯ ಘಟಕಗಳಾದರೋ ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಬೇರೆ ಬೇರೆ ಕಾಲದವರೆಗೆ ಬಾಳಬೇಕಾಗಿತ್ತು. ಡಾಲ್ ಅವರು ೧೯೬೩ರಲ್ಲಿ ಹೊಸದೊಂದು ಮೆಮೊರಿ ಹಂಚಿಕೆಯ ವಿಧಾನವನ್ನು ರೂಪಿಸಿ ಈ ಕಟ್ಟನ್ನು ಸಡಿಲಿಸಿದರು. ಇದರಿಂದ ದತ್ತಾಂಶ ಮತ್ತು ಕಾರ್ಯಗಳನ್ನು ಒಟ್ಟಿಗೆ ಹೊತ್ತ ಘಟಕವೊಂದು, ತನ್ನನ್ನು ಸೃಷ್ಟಿಸಿದ ಕಾರ್ಯವಿಧಾನ ಮುಗಿದ ಮೇಲೂ ಉಳಿಯುವುದು ಸಾಧ್ಯವಾಯಿತು. ಯುನಿವ್ಯಾಕ್ ೧೧೦೭ ಯಂತ್ರದ ಮೇಲೆ ಸಿಮುಲಾ ೧ರ ಅನುವಾದಕವು ೧೯೬೪ರ ಕೊನೆಯ ವೇಳೆಗೆ ಸಿದ್ಧವಾಯಿತು.

ಬಳಕೆಯ ಅನುಭವದಿಂದ ಮತ್ತೊಂದು ಕೊರತೆ ಕಂಡುಬಂದಿತು. ಲಾರಿ, ಬಸ್ಸು, ಕಾರುಗಳು ಸುಂಕದ ಕಟ್ಟೆಯ ಮುಂದೆ ಒಂದೇ ಸಾಲಿನಲ್ಲಿ ನಿಂತಾಗ, ಅವುಗಳ ಸಮಾನ ಗುಣಗಳನ್ನು ಪ್ರತಿಯೊಂದಕ್ಕೂ ಪುನಃ ಪುನಃ ಬರೆಯಬೇಕಾಗಿತ್ತು. ಟೋನಿ ಹೋರ್ ಅವರು ಮಂಡಿಸಿದ್ದ ದಾಖಲೆ ವರ್ಗಗಳ ವಿಚಾರವನ್ನು ಪರಿಶೀಲಿಸುತ್ತಿದ್ದ ಡಾಲ್ ಮತ್ತು ನೈಗಾರ್ಡ್ ಅವರಿಗೆ ೧೯೬೬ರ ಕೊನೆಯ ಹೊತ್ತಿಗೆ ಪರಿಹಾರ ಹೊಳೆಯಿತು. ಸಮಾನ ಗುಣಗಳ ವರ್ಗವೊಂದನ್ನು ಮತ್ತೊಂದರ ಮುಂದೆ ಪೂರ್ವಪದವಾಗಿ ಇಟ್ಟರೆ, ಎರಡನೆಯದು ಮೊದಲನೆಯದರ ಉಪವರ್ಗವಾಗುತ್ತದೆ. ೧೯೬೭ರ ಮೇ ತಿಂಗಳಲ್ಲಿ ಓಸ್ಲೋ ಸಮೀಪದ ಲೀಸೆಬು ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಈ ವಿಚಾರವನ್ನು ಅವರು ಮಂಡಿಸಿದರು.

ಕಡತಗಳು ವಸ್ತುಗಳಾದದ್ದು

ಆಲ್ಗಾಲ್ ೬೦ರ ವರದಿಯಲ್ಲಿ ದತ್ತಾಂಶವನ್ನು ಓದುವ ಅಥವಾ ಬರೆಯುವ ಆದೇಶಗಳೇ ಇರಲಿಲ್ಲ. ಈ ಹೊಣೆಯನ್ನು ಆಯಾ ಯಂತ್ರದ ಅನುವಾದಕಗಳಿಗೆ ಬಿಡಲಾಗಿತ್ತು. ಪರಿಣಾಮವಾಗಿ ಒಂದು ಯಂತ್ರದಲ್ಲಿ ನಡೆಯುತ್ತಿದ್ದ ಕ್ರಮವಿಧಿಯನ್ನು ಇನ್ನೊಂದಕ್ಕೆ ಒಯ್ಯುವಾಗ ಲೆಕ್ಕಾಚಾರದ ಭಾಗ ಹಾಗೆಯೇ ಉಳಿದರೂ ಓದು-ಬರಹದ ಭಾಗವನ್ನು ಹೊಸದಾಗಿ ಬರೆಯಬೇಕಾಗುತ್ತಿತ್ತು. ಸಿಮುಲಾ ಈ ಕೊರತೆಯನ್ನು ಪಿತ್ರಾರ್ಜಿತವಾಗಿ ಪಡೆಯದಿರಬೇಕಾದರೆ ಅದಕ್ಕೆ ಸ್ವಂತ ವ್ಯವಸ್ಥೆಯೊಂದು ಅಗತ್ಯವಾಗಿತ್ತು. ಪಠ್ಯ ನಿರ್ವಹಣೆ ಮತ್ತು ಕಡತ ವ್ಯವಹಾರದ ವಿನ್ಯಾಸವನ್ನು ಮುಖ್ಯವಾಗಿ ಅವರ ಸಹೋದ್ಯೋಗಿ ಬ್ಯೋರ್ನ್ ಮೀರ್‌ಹೌಗ್ ನಿರ್ವಹಿಸಿದರು. ೧೯೬೮ರಲ್ಲಿ ಹೊರಬಂದ ಭಾಷೆಯ ವರದಿಯು ಡಾಲ್, ಮೀರ್‌ಹೌಗ್ ಮತ್ತು ನೈಗಾರ್ಡ್ ಈ ಮೂವರ ಹೆಸರಿನಲ್ಲಿದೆ.

ಈ ವಿನ್ಯಾಸದಲ್ಲಿ ಓದು-ಬರಹಕ್ಕೆ ವಿಶೇಷ ಆದೇಶಗಳಿಲ್ಲ. ಭಾಷೆಯ ಸಾಮಾನ್ಯ ವರ್ಗಗಳೇ ಆ ಕೆಲಸವನ್ನು ಮಾಡುತ್ತವೆ. ಫೈಲ್ ಎಂಬ ಮೂಲವರ್ಗದಲ್ಲಿ ಕಡತದ ಹೆಸರು ಹಾಗೂ ಇಮೇಜ್ ಎಂಬ ಪಠ್ಯ ಇರುತ್ತವೆ. ಇಮೇಜ್ ಎಂಬುದು ಹೊರಗಿನ ಸಾಧನಕ್ಕೂ ಕ್ರಮವಿಧಿಗೂ ನಡುವೆ ಇರುವ ತಾತ್ಕಾಲಿಕ ಸಂಗ್ರಹ. ಫೈಲ್ ವರ್ಗದಿಂದ ಕವಲೊಡೆದ ಉಪವರ್ಗಗಳು ಹೀಗಿವೆ:

* ಇನ್‌ಫೈಲ್ – ಕಡತವನ್ನು ಅನುಕ್ರಮವಾಗಿ ಓದುತ್ತದೆ. ಇನ್‌ಇಮೇಜ್ ಕಾರ್ಯವಿಧಾನವು ಮುಂದಿನ ಸಾಲನ್ನು ಇಮೇಜ್‌ಗೆ ತುಂಬುತ್ತದೆ. ಕಡತ ಮುಗಿದಿದೆಯೇ ಎಂಬುದನ್ನು ಎಂಡ್‌ಫೈಲ್ ತಿಳಿಸುತ್ತದೆ.
* ಔಟ್‌ಫೈಲ್ – ಅನುಕ್ರಮವಾಗಿ ಬರೆಯುತ್ತದೆ. ಔಟ್‌ಇಮೇಜ್ ಕಾರ್ಯವಿಧಾನವು ಇಮೇಜ್‌ನಲ್ಲಿ ಸಿದ್ಧವಾದ ಸಾಲನ್ನು ಹೊರಗೆ ಕಳುಹಿಸುತ್ತದೆ.
* ಡೈರೆಕ್ಟ್‌ಫೈಲ್ – ಲೊಕೇಟ್ ಕಾರ್ಯವಿಧಾನದ ಮೂಲಕ ಬೇಕಾದ ಸ್ಥಾನಕ್ಕೆ ನೇರವಾಗಿ ಹೋಗಿ ಓದಲು ಅಥವಾ ಬರೆಯಲು ಅವಕಾಶ ನೀಡುತ್ತದೆ.
* ಪ್ರಿಂಟ್‌ಫೈಲ್ – ಔಟ್‌ಫೈಲ್‌ನ ಉಪವರ್ಗ. ಮುದ್ರಣಯಂತ್ರಕ್ಕೆ ಬೇಕಾದ ಸಾಲು ಮತ್ತು ಪುಟಗಳ ಲೆಕ್ಕವನ್ನು ಇದು ಇಡುತ್ತದೆ.

ಕಡತವನ್ನು ಬಳಸುವ ಮುನ್ನ ಓಪನ್ ಎಂದು ಕರೆದು ಇಮೇಜ್‌ಗೆ ಸ್ಥಳ ಒದಗಿಸಬೇಕು. ೮೦ ಕಾಲಮ್ಮುಗಳ ರಂಧ್ರಪತ್ರವನ್ನು ಓದುವುದಾದರೆ ೮೦ ಅಕ್ಷರಗಳ ಸ್ಥಳ ಸಾಕು. ಕೆಲಸ ಮುಗಿದಾಗ ಕ್ಲೋಸ್ ಎಂದು ಕರೆಯಬೇಕು. ಔಟ್‌ಫೈಲ್‌ನಲ್ಲಿ ಅರ್ಧ ತುಂಬಿದ ಸಾಲು ಉಳಿದಿದ್ದರೆ, ಕ್ಲೋಸ್ ಮೊದಲು ಅದನ್ನು ಹೊರಗೆ ಬರೆದು ಅನಂತರ ಕಡತವನ್ನು ಮುಚ್ಚುತ್ತದೆ. ಸಂಗ್ರಹದಲ್ಲಿ ಉಳಿದ ದತ್ತಾಂಶವು ಕಳೆದುಹೋಗದಿರಲು ಕಡತವನ್ನು ತಪ್ಪದೆ ಮುಚ್ಚಬೇಕೆಂದು ಇಂದಿನ ವಿದ್ಯಾರ್ಥಿಗಳು ಕಲಿಯುವ ಪಾಠದ ತಿರುಳೂ ಇದೇ.

ವರ್ಚುವಲ್ ಕಾರ್ಯವಿಧಾನದ ಉಪಯೋಗವು ಪ್ರಿಂಟ್‌ಫೈಲ್‌ನಲ್ಲಿ ಸ್ಪಷ್ಟವಾಗುತ್ತದೆ. ಪಠ್ಯ ಬರೆಯುವ ಔಟ್‌ಟೆಕ್ಸ್ಟ್ ಎಂಬ ಕಾರ್ಯವಿಧಾನವನ್ನು ಔಟ್‌ಫೈಲ್ ವರ್ಗದಲ್ಲಿ ಒಮ್ಮೆ ಬರೆದರೆ ಸಾಕು. ಸಾಲಿನಲ್ಲಿ ಸ್ಥಳ ಸಾಲದಾದಾಗ ಅದು ಔಟ್‌ಇಮೇಜ್ ಅನ್ನು ಕರೆಯುತ್ತದೆ. ವಸ್ತುವು ಪ್ರಿಂಟ್‌ಫೈಲ್ ಆಗಿದ್ದರೆ, ಪುಟದ ಲೆಕ್ಕವಿಡುವ ಆ ವರ್ಗದ ಔಟ್‌ಇಮೇಜ್ ತಾನಾಗಿಯೇ ನಡೆಯುತ್ತದೆ. ಬರೆಯುವವನಿಗೆ ಎದುರಿನ ಸಾಧನ ಯಾವುದೆಂದು ತಿಳಿದಿರಬೇಕಾದ ಅಗತ್ಯವಿಲ್ಲ.

ಪ್ರತಿಯೊಂದು ಕ್ರಮವಿಧಿಯೂ ಬೇಸಿಕ್‌ಐಒ ಎಂಬ ವರ್ಗದ ಒಳಗೆ ನಡೆಯುತ್ತದೆಂದು ಭಾಷೆಯು ಭಾವಿಸುತ್ತದೆ. ಸಿಸ್‌ಇನ್ ಮತ್ತು ಸಿಸ್‌ಔಟ್ ಎಂಬ ಎರಡು ಕಡತ-ವಸ್ತುಗಳನ್ನು ಆ ವರ್ಗವೇ ಆರಂಭದಲ್ಲಿ ತೆರೆದು ಕೊನೆಯಲ್ಲಿ ಮುಚ್ಚುತ್ತದೆ. ಅಕ್ಷರಗಳ ಸಾಲುಗಳಿಗೆ ಬದಲಾಗಿ ಬೈಟುಗಳನ್ನೇ ಓದಿ ಬರೆಯುವ ಬೈಟ್‌ಫೈಲ್ ವರ್ಗಗಳು ೧೯೮೦ರ ದಶಕದ ಸಿಮುಲಾ ಮಾನಕದಲ್ಲಿ ಸೇರಿಕೊಂಡವು.

ಅಧ್ಯಾಪನ ಮತ್ತು ಬರಹ

೧೯೬೮ರಲ್ಲಿ ಡಾಲ್ ಅವರು ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅಲ್ಲಿ ಗಣಕ ವಿಜ್ಞಾನವನ್ನು ಸ್ವತಂತ್ರ ಶಾಸ್ತ್ರವಾಗಿ ಬೆಳೆಸುವಲ್ಲಿ ಅವರ ಪಾತ್ರ ದೊಡ್ಡದು. ಅದಕ್ಕೆಂದೇ ಪ್ರತ್ಯೇಕ ವಿಭಾಗವು ೧೯೭೭ರಲ್ಲಿ ಸ್ಥಾಪನೆಯಾಯಿತು. ಎಡ್ಸ್‌ಗರ್ ಡೈಕ್‌ಸ್ಟ್ರಾ ಮತ್ತು ಟೋನಿ ಹೋರ್ ಅವರೊಡನೆ ಬರೆದ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಗ್ರಂಥವು ೧೯೭೨ರಲ್ಲಿ ಪ್ರಕಟವಾಯಿತು. ಅದರಲ್ಲಿ ಕ್ರಮವಿಧಿಗಳ ಶ್ರೇಣೀಕೃತ ರಚನೆಯನ್ನು ಕುರಿತ ಅಧ್ಯಾಯವನ್ನು ಡಾಲ್ ಮತ್ತು ಹೋರ್ ರಚಿಸಿದ್ದಾರೆ. ಮುಂದಿನ ವರ್ಷಗಳಲ್ಲಿ ಅವರು ಕ್ರಮವಿಧಿಯು ಸರಿಯಾಗಿದೆಯೆಂದು ಗಣಿತದ ಮೂಲಕ ಸಾಧಿಸುವ ವಿಧಾನಗಳತ್ತ ಹೊರಳಿದರು. ಈ ವಿಷಯವನ್ನು ಕುರಿತ ಅವರ ವೆರಿಫೈಯಬಲ್ ಪ್ರೋಗ್ರಾಮಿಂಗ್ ಎಂಬ ಗ್ರಂಥವು ೧೯೯೨ರಲ್ಲಿ ಹೊರಬಂದಿತು.

ಪ್ರಶಸ್ತಿಗಳು ಮತ್ತು ನಿಧನ

೨೦೦೦ದಲ್ಲಿ ಡಾಲ್ ಮತ್ತು ನೈಗಾರ್ಡ್ ಅವರಿಗೆ ನಾರ್ವೆಯ ಸಂತ ಓಲಾವ್ ಗೌರವ ಲಭಿಸಿತು. ೨೦೦೧ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಮತ್ತು ೨೦೦೨ರ ಜಾನ್ ವಾನ್ ನಾಯ್ಮನ್ ಪದಕವೂ ಇಬ್ಬರಿಗೆ ಜಂಟಿಯಾಗಿ ಸಂದವು. ಸಿಮುಲಾ ರೂಪುಗೊಂಡು ಮೂರು ದಶಕಗಳು ಕಳೆದ ಮೇಲೆ ಬಂದ ಈ ಮನ್ನಣೆಯ ಬೆನ್ನಲ್ಲೇ, ೨೦೦೨ರ ಜೂನ್ ೨೯ರಂದು ಡಾಲ್ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ನಿಧನರಾದರು. ಆರು ವಾರಗಳ ತರುವಾಯ, ಆಗಸ್ಟ್ ೧೦ರಂದು ನೈಗಾರ್ಡ್ ಕೂಡ ತೀರಿಕೊಂಡರು.

ಪ್ರಭಾವ

ಕೇಂಬ್ರಿಜ್‌ನಲ್ಲಿ ಸಿಮುಲಾವನ್ನು ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರು ಅದರ ವರ್ಗಗಳನ್ನು ಸಿ ಭಾಷೆಗೆ ತಂದು, ಮುಂದೆ ಸಿ++ ಎಂದು ಹೆಸರಾದ ಭಾಷೆಯನ್ನು ರೂಪಿಸಿದರು. ಅಲನ್ ಕೇ ಅವರ ಸ್ಮಾಲ್‌ಟಾಕ್ ಕೂಡ ಸಿಮುಲಾಕ್ಕೆ ಋಣಿಯಾಗಿದೆ. ಸಿ++ ಮತ್ತು ಜಾವಾ ಭಾಷೆಗಳಲ್ಲಿ ದತ್ತಾಂಶದ ಹರಿವುಗಳು, ಅಂದರೆ ಸ್ಟ್ರೀಮ್‌ಗಳು, ವರ್ಗಗಳ ಶ್ರೇಣಿಯಾಗಿಯೇ ಇವೆ. ದತ್ತಾಂಶವು ಕಡತದಿಂದ ಬರಲಿ, ಮೆಮೊರಿಯಿಂದ ಬರಲಿ ಅಥವಾ ಜಾಲದಿಂದ ಬರಲಿ, ಓದುವ ಕ್ರಮವಿಧಿಯು ಮೂಲವರ್ಗವೊಂದನ್ನೇ ಅರಿತಿದ್ದರೆ ಸಾಕು. ಅವುಗಳ ವಿವರಗಳು ಸಿಮುಲಾದ ಕಡತ ವರ್ಗಗಳಿಗಿಂತ ಭಿನ್ನವಾಗಿದ್ದರೂ ಆಧಾರವಾದ ಉಪವರ್ಗ ಮತ್ತು ವರ್ಚುವಲ್ ಕಾರ್ಯವಿಧಾನಗಳು ಅಲ್ಲಿಂದಲೇ ಬಂದವು.

ಇಬ್ಬರು ವಿಜ್ಞಾನಿಗಳ ಸ್ಮರಣಾರ್ಥ ೨೦೦೪ರಲ್ಲಿ ಡಾಲ್-ನೈಗಾರ್ಡ್ ಪ್ರಶಸ್ತಿಯನ್ನು ಸ್ಥಾಪಿಸಲಾಯಿತು. ಓಸ್ಲೋ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದ ಕಟ್ಟಡಕ್ಕೆ ಓಲೆ-ಯೋಹಾನ್ ಡಾಲ್ ಅವರ ಹೆಸರನ್ನು ಇಡಲಾಗಿದೆ.