ತಟ್ಟೆಯಲ್ಲಿ ಉಳಿದ ದನಿ

ಹಿರಿಯ ಗಾಯಕರ ಸಂಗೀತವನ್ನು ಮನೆಯಲ್ಲಿ ಕುಳಿತು ಕೇಳುವ ಭಾಗ್ಯ ಒಂದು ಕಾಲದಲ್ಲಿ ಅರಸರಿಗೂ ಸಿರಿವಂತರಿಗೂ ಮೀಸಲಾಗಿತ್ತು. ಆ ಗೋಡೆಯನ್ನು ಒಡೆದುದು ಗ್ರಾಮಾಫೋನು. ಅದಕ್ಕೆ ತಮ್ಮ ಕಂಠವನ್ನು ಒಪ್ಪಿಸಿದ ಹಿರಿಯರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಒಬ್ಬರು.

ಖಾನಸಾಹೇಬರು ಜನಿಸಿದ್ದು 1872ರಲ್ಲಿ, ಉತ್ತರ ಭಾರತದ ಕೈರಾನಾ ಎಂಬ ಊರಿನಲ್ಲಿ. ಅವರ ಮನೆತನದ ಗಾಯನಶೈಲಿಗೆ ಕಿರಾನಾ ಘರಾಣೆಯೆಂಬ ಹೆಸರು ಬಂದುದು ಆ ಊರಿನಿಂದಲೇ. ಕೆಲಕಾಲ ಬಡೋದೆಯ ಆಸ್ಥಾನದಲ್ಲಿದ್ದ ಅವರು ಮುಂದೆ ಮಿರಜದಲ್ಲಿ ನೆಲೆಸಿದರು. ಮೈಸೂರಿನ ಅರಮನೆಯೂ ಅವರನ್ನು ಕರೆಸಿ ಗೌರವಿಸಿತು. ಮಿರಜದಿಂದ ಮೈಸೂರಿನ ಕಡೆಗೆ ಸಾಗುವ ರೈಲುದಾರಿ ಹುಬ್ಬಳ್ಳಿ, ಕುಂದಗೋಳ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾಯ್ದು ಹರಿಹರವನ್ನು ಸೇರುತ್ತದೆ. ಈ ಊರುಗಳ ರೈತರಿಗೂ ವರ್ತಕರಿಗೂ ಅರಮನೆಯ ಸಂಗೀತಸಭೆ ದೂರದ ಮಾತಾಗಿತ್ತು. ಅಂಥವರ ಪಾಲಿಗೆ ಅರಮನೆಯ ಗಾಯಕನ ದನಿಯನ್ನು ತರಬಲ್ಲ ಸಾಧನವೆಂದರೆ ಕೀಲಿ ಕೊಟ್ಟು ತಿರುಗಿಸುವ ಆ ಪೆಟ್ಟಿಗೆಯೊಂದೇ.

ಖಾನಸಾಹೇಬರ ಗಾಯನ ಮೊದಲು ಮುದ್ರಿತವಾದುದು 1905ರಲ್ಲಿ. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ಗಾಯಕನು ಕಹಳೆಯಂಥ ಕೊಳವೆಗೆ ಬಾಯಿಯಿಟ್ಟು ಹಾಡಬೇಕು. ದನಿಯ ಕಂಪನದಿಂದ ಅದುರುವ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಇಷ್ಟರಲ್ಲಿ ಅಡಕಗೊಳಿಸುವುದೆಂತು? ಗುರುವಿನಿಂದ ಪಡೆದ ವಿದ್ಯೆ ಕಂಡವರ ಕೈಸೇರದೆ? ಈ ಅಳುಕಿನಿಂದ ಹಲವು ಗಾಯಕರು ಯಂತ್ರದಿಂದ ದೂರ ಸರಿದರು. ಖಾನಸಾಹೇಬರು ಹಿಂಜರಿಯಲಿಲ್ಲ. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಳಕೆಗೆ ಬಂದಿತು. 1930ರ ದಶಕದಲ್ಲಿ ಅವರು ಮತ್ತೆ ಹಾಡಿದಾಗ ಸ್ವರದ ನಯ, ಮೀಂಡಿನ ಬಳುಕು ತಟ್ಟೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಮೂಡಿದವು. ತ್ಯಾಗರಾಜರ ಕೃತಿಯೊಂದನ್ನೂ ಅವರು ಮುದ್ರಿಕೆಗಾಗಿ ಹಾಡಿದರು.

ಬಿತ್ತಿದ ಬೀಜ ಎಲ್ಲಿ ಮೊಳೆಯುವುದೋ ಬಲ್ಲವರಾರು? ಗದಗಿನ ಅಂಗಡಿಯೊಂದರಲ್ಲಿ ಖಾನಸಾಹೇಬರ ಠುಮರಿಯ ತಟ್ಟೆಯನ್ನು ಕೇಳಿದ ಬಾಲಕನೊಬ್ಬ ಅದಕ್ಕೆ ಮನಸೋತನು. ತಾನೂ ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆಬಿಟ್ಟು ಹೊರಟನು. ಗುರುವನ್ನು ಅರಸುತ್ತ ಉತ್ತರ ಭಾರತವನ್ನೆಲ್ಲ ಅಲೆದು, ಕೊನೆಗೆ ಖಾನಸಾಹೇಬರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಅಡಿದಾವರೆಗಳನ್ನು ಸೇರಿದನು. ಆ ಬಾಲಕನೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿಯವರು.

1937ರ ಅಕ್ಟೋಬರ್ 27ರಂದು ಖಾನಸಾಹೇಬರು ಮದರಾಸಿನಿಂದ ಪಾಂಡಿಚೇರಿಗೆ ಪಯಣಿಸುತ್ತಿದ್ದರು. ದಾರಿಯಲ್ಲಿ ದೇಹಸ್ಥಿತಿ ಕೆಟ್ಟುದರಿಂದ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ತಂಬೂರಿಯ ಶ್ರುತಿಗೂಡಿಸಿ, ದರಬಾರಿ ರಾಗದಲ್ಲಿ ದೇವರನ್ನು ಪ್ರಾರ್ಥಿಸುತ್ತ ಕಣ್ಮುಚ್ಚಿದರು. ಮಿರಜದಲ್ಲಿ ಅವರ ಸಮಾಧಿಯಿದೆ.

ಅಂದಿನ ಪೆಟ್ಟಿಗೆ ಇಂದು ಮೂಲೆ ಸೇರಿದೆ. ಅದಕ್ಕಿಂತ ಬಹುಪಾಲು ಬೆಲೆಬಾಳುವ, ಅತಿ ಸೂಕ್ಷ್ಮ ಧ್ವನಿಯಂತ್ರಗಳು ಮನೆಗಳಿಗೆ ಬಂದಿವೆ. ರಸಿಕರು ಅವುಗಳಲ್ಲಿಯೂ ಆ ಹಳೆಯ ದನಿಯನ್ನೇ ಹುಡುಕಿ ಆಲಿಸುತ್ತಾರೆ. ಯಂತ್ರವು ದನಿಯನ್ನು ಕಾಯಬಲ್ಲುದು. ಕಾಯಲು ತಕ್ಕ ದನಿಯನ್ನು ಸಾಧನೆಯೊಂದೇ ಕೊಡಬಲ್ಲುದು.